ಅಡಿಕೆ ಹಣ ವರ್ಷಕ್ಕೊಮ್ಮೆ ಬರುವ ಮನೆಯಲ್ಲಿ ಅಪ್ಪನ 18 ಲಕ್ಷದ ಠೇವಣಿಯನ್ನು ಎಲ್ಲಿಡಬೇಕು?

ಶಿರಸಿ ತೋಟಿಗ

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲೂಕಿನ ಒಂದು ಹಳ್ಳಿಯ ಅಡಿಕೆ ಬೆಳೆಗಾರ, ವಯಸ್ಸು 42. ಎರಡೂವರೆ ಎಕರೆ ತೋಟವಿದೆ, ಅದರಲ್ಲಿ ಅಡಿಕೆಯ ಜೊತೆಗೆ ಸ್ವಲ್ಪ ಕಾಳುಮೆಣಸೂ ಇದೆ. ಮನೆಯಲ್ಲಿ 68 ವರ್ಷದ ಅಪ್ಪ, 64 ವರ್ಷದ ಅಮ್ಮ, ನನ್ನ ಹೆಂಡತಿ ಮತ್ತು 7 ವರ್ಷದ ಮಗಳು ಇದ್ದಾರೆ. ಹೆಂಡತಿ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದು, ತಿಂಗಳಿಗೆ 15,000 ರೂಪಾಯಿ ಸಂಬಳ ಬರುತ್ತದೆ. ಅಡಿಕೆ ಗೊನೆಯ ಕೊಯ್ಲು, ಸುಲಿಯುವುದು, ಗೊಬ್ಬರ, ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆ ರೋಗದ ಔಷಧಿ, ಆಳಿನ ಲೆಕ್ಕ ಎಲ್ಲ ಕಳೆದು ತೋಟದಿಂದ ಒಳ್ಳೆಯ ವರ್ಷದಲ್ಲಿ 5 ಲಕ್ಷ ರೂಪಾಯಿ ಉಳಿಯುತ್ತದೆ. ಕಳೆದ ವರ್ಷ ಜುಲೈನಲ್ಲಿ ಮಳೆ ಬಿಡುವು ಕೊಡದೆ ಸುರಿದು, ಎರಡನೆಯ ಸಲದ ಔಷಧಿ ಹೊಡೆಯುವುದು ಮೂರು ವಾರ ತಡವಾಯಿತು. ಅಷ್ಟರಲ್ಲಿ ಮರದ ಬುಡದಲ್ಲಿ ಹಸಿರು ಕಾಯಿ ಹಾಸಿಬಿಟ್ಟಿತ್ತು. ಆ ವರ್ಷ ಉಳಿದದ್ದು 3.2 ಲಕ್ಷ ಮಾತ್ರ. ಮನೆಯ ಖರ್ಚು ತಿಂಗಳಿಗೆ ಸರಾಸರಿ 30,000 ರೂಪಾಯಿ.

ಅಪ್ಪ ತಮ್ಮ ದುಡಿಮೆಯ ಕಾಲದಲ್ಲಿ ಕೂಡಿಟ್ಟ 18 ಲಕ್ಷ ರೂಪಾಯಿ ನಮ್ಮ ಭಾಗದ ಒಂದು ಪತ್ತಿನ ಸಹಕಾರ ಸಂಘದಲ್ಲಿ ನಾಲ್ಕು ಮುದ್ದತು ಠೇವಣಿಗಳಾಗಿ ಇದೆ: 6 ಲಕ್ಷ, 5 ಲಕ್ಷ, 4 ಲಕ್ಷ ಮತ್ತು 3 ಲಕ್ಷ. ಬಡ್ಡಿ ಶೇ. 9.5. ಈ ಹಣವೇ ಅಪ್ಪ-ಅಮ್ಮನ ವೃದ್ಧಾಪ್ಯದ ಆಧಾರ. ಆರು ಲಕ್ಷದ ಠೇವಣಿ ಮುಂದಿನ ತಿಂಗಳು ಮುಗಿಯುತ್ತದೆ, ಉಳಿದವು ಒಂದೂವರೆ ವರ್ಷದೊಳಗೆ ಒಂದೊಂದಾಗಿ ಮುಗಿಯುತ್ತವೆ.

ಬೆಂಗಳೂರಿನಲ್ಲಿರುವ ತಮ್ಮನ ಪ್ರಕಾರ ಇದನ್ನೆಲ್ಲ ತೆಗೆದು ಮ್ಯೂಚುವಲ್ ಫಂಡಿಗೆ ಹಾಕಬೇಕು. ಪರಿಚಯದ ವಿಮಾ ಏಜೆಂಟರೊಬ್ಬರು ಮಗಳ ಭವಿಷ್ಯಕ್ಕೆಂದು ವರ್ಷಕ್ಕೆ 1 ಲಕ್ಷದಂತೆ 15 ವರ್ಷ ಕಟ್ಟುವ ಪಾಲಿಸಿಯನ್ನು ಸೂಚಿಸಿದ್ದಾರೆ. 10 ಲಕ್ಷದ ವಿಮೆ, ಕೊನೆಗೆ ಸುಮಾರು 24 ಲಕ್ಷ ಕೈಗೆ ಬರುತ್ತದೆ ಎಂದು ಲೆಕ್ಕ ಬರೆದು ಕೊಟ್ಟಿದ್ದಾರೆ. ಅಪ್ಪನಿಗೆ ಎರಡೂ ಬೇಡ. ಸಂಘ ಹುಟ್ಟಿದಾಗಿನಿಂದ ಅವರು ಅದರ ಸದಸ್ಯರು, ಇಷ್ಟು ವರ್ಷದಲ್ಲಿ ಬಡ್ಡಿ ಒಂದು ದಿನವೂ ತಪ್ಪಿದ್ದಿಲ್ಲ ಎನ್ನುತ್ತಾರೆ. ನನ್ನ ಹೆಸರಿನಲ್ಲಿ ಉಳಿತಾಯ ಖಾತೆಯ 2 ಲಕ್ಷ ಬಿಟ್ಟರೆ ಬೇರೇನೂ ಇಲ್ಲ, ಜೀವವಿಮೆಯೂ ಇಲ್ಲ. ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಕುಮಟಾ ನಿವೃತ್ತ

ನಾನು ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ, ಹೆಚ್ಚಾಗಿ ನಮ್ಮ ಜಿಲ್ಲೆಯ ಶಾಖೆಗಳಲ್ಲೇ, 31 ವರ್ಷ ಕೆಲಸ ಮಾಡಿ ನಿವೃತ್ತನಾದವನು. ನೀವು ಕೇಳಿದ್ದರಲ್ಲಿ ತಂದೆಯವರ ಠೇವಣಿಯ ವಿಷಯ ಮೊದಲು ಬಗೆಹರಿಯಬೇಕು. ಉಳಿದದ್ದಕ್ಕೆ ಕಾಲಾವಕಾಶವಿದೆ, ಅದಕ್ಕಿಲ್ಲ.

ಬ್ಯಾಂಕಿಗೂ ಪತ್ತಿನ ಸಹಕಾರ ಸಂಘಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆಯ ಬಹಳ ಜನರಿಗೆ ಸ್ಪಷ್ಟವಾಗಿಲ್ಲ, ಏಕೆಂದರೆ ಕೌಂಟರು, ಪಾಸ್‌ಬುಕ್ಕು, ಠೇವಣಿ ಪತ್ರ ಎಲ್ಲವೂ ನೋಡಲು ಒಂದೇ ರೀತಿ ಇರುತ್ತವೆ. ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಬ್ಯಾಂಕು ಯಾವುದೇ ಇರಲಿ, ರಾಷ್ಟ್ರೀಕೃತವಾಗಲಿ, ಖಾಸಗಿಯಾಗಲಿ, ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಾಗಲಿ, ಪಟ್ಟಣ ಸಹಕಾರಿ ಬ್ಯಾಂಕಾಗಲಿ, ಅಲ್ಲಿಟ್ಟ ಠೇವಣಿಗೆ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮದ ವಿಮೆ ಇರುತ್ತದೆ. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು ಮತ್ತು ಬಡ್ಡಿ ಸೇರಿ 5 ಲಕ್ಷ ರೂಪಾಯಿಯವರೆಗೆ ಈ ರಕ್ಷಣೆ ಸಿಗುತ್ತದೆ. 2020ರ ಫೆಬ್ರವರಿ 4ಕ್ಕೆ ಮೊದಲು ಇದು 1 ಲಕ್ಷ ಮಾತ್ರ ಇತ್ತು. ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು ನಿರ್ಬಂಧ ಹೇರಿ ಹಣ ತೆಗೆಯುವುದನ್ನು ತಡೆದರೆ, 2021ರ ತಿದ್ದುಪಡಿಯ ನಂತರ, 90 ದಿನಗಳೊಳಗೆ ಈ ವಿಮೆಯ ಹಣ ಠೇವಣಿದಾರನಿಗೆ ಸಿಗಬೇಕು.

1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಅಡಿಯಲ್ಲೋ 1997ರ ಸೌಹಾರ್ದ ಕಾಯ್ದೆಯ ಅಡಿಯಲ್ಲೋ ನೋಂದಣಿಯಾದ ಪತ್ತಿನ ಸಂಘಕ್ಕೆ ಈ ವಿಮೆ ಇಲ್ಲ. ಅದು ಸದಸ್ಯರಿಂದ ಠೇವಣಿ ಪಡೆದು ಸದಸ್ಯರಿಗೆ ಸಾಲ ಕೊಡುವ ಸಂಸ್ಥೆ, ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆ ಅದರ ಮೇಲಿಲ್ಲ. 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಸಾರ್ವಜನಿಕ ಪ್ರಕಟಣೆ ಹೊರಡಿಸಿ, ಇಂಥ ಸಂಘಗಳು ತಮ್ಮ ಹೆಸರಿನಲ್ಲಿ ಬ್ಯಾಂಕ್ ಎಂಬ ಪದ ಬಳಸುವಂತಿಲ್ಲವೆಂದೂ ಅವುಗಳಲ್ಲಿಟ್ಟ ಹಣಕ್ಕೆ ಠೇವಣಿ ವಿಮೆ ಇಲ್ಲವೆಂದೂ ತಿಳಿಸಿತ್ತು. ನಿಮ್ಮ ತಂದೆಯವರ ಸಂಘ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದು ತುಂಬ ಚೆನ್ನಾಗಿ ನಡೆಯುತ್ತಿರಬಹುದು. ಆದರೆ ಬರ, ಕೊಳೆ, ಎಲೆಚುಕ್ಕಿ ರೋಗ, ಅಡಿಕೆ ಧಾರಣೆಯ ಕುಸಿತ ಇವುಗಳಲ್ಲಿ ಒಂದು ಬಂದರೂ ನಿಮ್ಮ ತೋಟ ಸೊರಗುವ ವರ್ಷವೇ ಆ ಸಂಘದಿಂದ ಸಾಲ ಪಡೆದ ನೆರೆಹೊರೆಯವರ ತೋಟಗಳೂ ಸೊರಗುತ್ತವೆ, ಸಾಲದ ಮರುಪಾವತಿಯೂ ಅದೇ ವರ್ಷ ನಿಲ್ಲುತ್ತದೆ. ನಿಮ್ಮ ಆದಾಯ ಮತ್ತು ನಿಮ್ಮ ಉಳಿತಾಯ ಎರಡೂ ಒಂದೇ ಮಳೆಗೆ ಕಟ್ಟಿಬಿದ್ದಿವೆ. ಇದನ್ನು ಅಪ್ಪನಿಗೆ ತಿಳಿಸಿ ಹೇಳಿದರೆ ಅವರು ಖಂಡಿತ ಒಪ್ಪುತ್ತಾರೆ, ಏಕೆಂದರೆ ಮಳೆಯ ಲೆಕ್ಕ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲ.

ಇನ್ನು ಬಡ್ಡಿಯ ವ್ಯತ್ಯಾಸವೆಷ್ಟೆಂದು ನೋಡೋಣ. ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಸಿಗುವ ಕೇಂದ್ರ ಸರ್ಕಾರದ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ 2023ರ ಏಪ್ರಿಲಿನಿಂದ ಶೇ. 8.2 ಬಡ್ಡಿ ಇದೆ. 60 ದಾಟಿದ ಯಾರೇ ಆಗಲಿ 30 ಲಕ್ಷದವರೆಗೆ ಇಡಬಹುದು. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ಪರಿಷ್ಕರಿಸುತ್ತದೆ, ಆದರೆ ಖಾತೆ ತೆರೆದ ದಿನದ ದರ ಆ ಖಾತೆಗೆ ಐದು ವರ್ಷವೂ ಬದಲಾಗದು. 15 ಲಕ್ಷ ಇಟ್ಟರೆ ವರ್ಷಕ್ಕೆ 1,23,000 ರೂಪಾಯಿ, ಅಂದರೆ ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿ ತಿಂಗಳ ಆರಂಭದಲ್ಲಿ 30,750 ರೂಪಾಯಿಯಂತೆ ಖಾತೆಗೆ ಬೀಳುತ್ತದೆ. ಸಂಘದಲ್ಲಿ ಅದೇ 15 ಲಕ್ಷಕ್ಕೆ 1,42,500 ಸಿಗುತ್ತಿದೆ. ವ್ಯತ್ಯಾಸ ವರ್ಷಕ್ಕೆ 19,500, ತಿಂಗಳಿಗೆ 1,625 ರೂಪಾಯಿ. ಈ 1,625 ರೂಪಾಯಿಗಾಗಿ ಇಬ್ಬರು ಹಿರಿಯರ ಜೀವಮಾನದ ಗಳಿಕೆಯನ್ನು ಯಾವ ಖಾತರಿಯೂ ಇಲ್ಲದ ಒಂದೇ ಕಡೆ ಇಡುವುದು ನನಗೆ ಸರಿಯೆನಿಸುವುದಿಲ್ಲ.

ಠೇವಣಿಗಳನ್ನು ಅವಧಿಗೆ ಮೊದಲೇ ಮುರಿಯುವ ಅಗತ್ಯವಿಲ್ಲ, ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ. ಒಂದೊಂದೂ ಮುಗಿದಂತೆ ತೆಗೆದು ಈ ಹಿರಿಯ ನಾಗರಿಕರ ಯೋಜನೆಗೆ ಹಾಕಿ: 6 ಲಕ್ಷವನ್ನು ಮುಂದಿನ ತಿಂಗಳು ಅಪ್ಪನ ಹೆಸರಿನಲ್ಲಿ, ಮುಂದೆ 5 ಮತ್ತು 4 ಲಕ್ಷವನ್ನು ಒಂದನ್ನಾದರೂ ಅಮ್ಮನ ಹೆಸರಿನಲ್ಲಿ. ಅಮ್ಮನ ಹೆಸರಿಗೂ ಹಣವಿರಲಿ ಎಂದು ನಾನು ಒತ್ತಿ ಹೇಳುತ್ತೇನೆ. ಗಂಡ ತೀರಿಕೊಂಡ ಮೇಲೆ ಬ್ಯಾಂಕಿಗೆ ಬಂದು ಸಹಿ ಮಾಡಲು ಕೈ ನಡುಗುತ್ತಿದ್ದ ಎಷ್ಟೋ ತಾಯಂದಿರನ್ನು ನಾನು ಕೌಂಟರಿನ ಆಚೆ ನೋಡಿದ್ದೇನೆ. ಉಳಿದ 3 ಲಕ್ಷ ಬೇಕಾದಾಗ ತೆಗೆಯುವಂತೆ ವಿಮೆ ಇರುವ ಯಾವುದಾದರೂ ಬ್ಯಾಂಕಿನಲ್ಲಿರಲಿ. ಹಿರಿಯ ನಾಗರಿಕರ ಯೋಜನೆಯಿಂದ ಎರಡು ವರ್ಷದ ಮೇಲೆ ನಡುವೆ ತೆಗೆದರೆ ಅಸಲಿನ ಶೇ. 1, ಒಂದರಿಂದ ಎರಡು ವರ್ಷದೊಳಗಾದರೆ ಶೇ. 1.5 ಕಡಿತವಾಗುತ್ತದೆ, ಒಂದು ವರ್ಷದೊಳಗೆ ತೆಗೆದರೆ ಕೊಟ್ಟ ಬಡ್ಡಿಯನ್ನೇ ಹಿಡಿದುಕೊಳ್ಳುತ್ತಾರೆ. ಆದ್ದರಿಂದ ಎಲ್ಲವನ್ನೂ ಅದರಲ್ಲಿ ಇಡುವುದು ಬೇಡ.

ಆದಾಯ ತೆರಿಗೆಯ ಭಯವೂ ಬೇಡ. ಅಡಿಕೆಯ ಆದಾಯ ಕೃಷಿ ಆದಾಯವಾದ್ದರಿಂದ ಅದಕ್ಕೆ ತೆರಿಗೆಯಿಲ್ಲ. ಬಡ್ಡಿಗೆ ತೆರಿಗೆ ಉಂಟು, ಆದರೆ ಹೊಸ ಪದ್ಧತಿಯಲ್ಲಿ 2025-26ರಿಂದ ಮೂಲ ವಿನಾಯಿತಿ 4 ಲಕ್ಷ; ಅಪ್ಪನ ಬಡ್ಡಿ ಅದರ ಅರ್ಧವನ್ನೂ ಮುಟ್ಟುವುದಿಲ್ಲ.

ಶರಾವತಿ ದಂಡೆ

ಮೇಲಿನವರು ಹೇಳಿದ್ದನ್ನು ನಮ್ಮ ಮನೆ ಅನುಭವಿಸಿದೆ, ಆದ್ದರಿಂದ ಬರೆಯುತ್ತಿದ್ದೇನೆ. ನನ್ನ ಅಪ್ಪ ಹೊನ್ನಾವರ ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದರು. ನಿವೃತ್ತಿಯ ಹಣದಲ್ಲಿ 11 ಲಕ್ಷವನ್ನು ಕರಾವಳಿಯ ಒಂದು ಸಹಕಾರ ಸಂಘದಲ್ಲಿಟ್ಟರು. ಅಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು ಅವರ ವಿದ್ಯಾರ್ಥಿಗಳು. ಆರು ವರ್ಷ ಬಡ್ಡಿ ಗಡಿಯಾರದಂತೆ ಬಂತು. ಏಳನೆಯ ವರ್ಷ, ಗಣೇಶ ಚೌತಿಗೆ ನಾಲ್ಕು ದಿನ ಮುಂಚೆ, ವಾರಕ್ಕೆ 2,000 ರೂಪಾಯಿಗಿಂತ ಹೆಚ್ಚು ಕೊಡಲಾಗುವುದಿಲ್ಲವೆಂದು ಬಾಗಿಲಿಗೆ ಕಾಗದ ಅಂಟಿಸಿದರು.

ಅಪ್ಪ ಪ್ರತಿ ಸೋಮವಾರ ಬೆಳಗ್ಗೆ ಎಂಟೂವರೆಗೇ ಹೋಗಿ ಆ ಕಟ್ಟಡದ ಜಗುಲಿಯಲ್ಲಿ ಕುಳಿತಿರುತ್ತಿದ್ದರು. ಠೇವಣಿ ಪತ್ರಗಳನ್ನು ಮಳೆಗೆ ನೆನೆಯದಂತೆ ಹಾಲಿನ ಪ್ಯಾಕೆಟ್ಟಿನ ಕವರಿನಲ್ಲಿ ಮಡಚಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಳ್ಳುತ್ತಿದ್ದರು. ಹಳೆಯ ವಿದ್ಯಾರ್ಥಿಗಳು ತಲೆ ತಗ್ಗಿಸಿ ಚೀಟಿ ಬರೆದುಕೊಡುತ್ತಿದ್ದರಂತೆ. ಅವರ ಮೇಲೆ ಅಪ್ಪನಿಗೆ ಸಿಟ್ಟಿರಲಿಲ್ಲ. ಅದೇ ಮಳೆಗಾಲದಲ್ಲಿ ಅವರಿಗೆ ಎದೆನೋವು ಬಂದು ಮಂಗಳೂರಿಗೆ ಕರೆದೊಯ್ಯಬೇಕಾಯಿತು. ಹನ್ನೊಂದು ಲಕ್ಷದ ಒಡೆಯರಾಗಿದ್ದ ಅವರ ಚಿಕಿತ್ಸೆಗೆ ನನ್ನ ಬಳೆಗಳನ್ನು ಅಡವಿಟ್ಟೆವು. ಸಹಕಾರ ಇಲಾಖೆ ಆಡಳಿತಾಧಿಕಾರಿಯನ್ನು ನೇಮಿಸಿ, ಸಾಲ ವಸೂಲಾದಂತೆ ಕೊಡುತ್ತ ಬಂದು, ಐದು ವರ್ಷದಲ್ಲಿ 4 ಲಕ್ಷ ಚಿಲ್ಲರೆ ಮರಳಿದೆ. ಅಪ್ಪ ಈಗಿಲ್ಲ.

ನಿಮ್ಮ ತಂದೆಯವರಿಗೆ ಬಡ್ಡಿ ಒಂದು ದಿನವೂ ತಪ್ಪಿಲ್ಲವೆಂಬುದೇ ಧೈರ್ಯವಾಗಿದ್ದರೆ, ನಮ್ಮ ಅಪ್ಪನಿಗೂ ಆ ಕಾಗದ ಅಂಟಿಸುವ ಹಿಂದಿನ ತಿಂಗಳವರೆಗೆ ತಪ್ಪಿರಲಿಲ್ಲ ಎಂದು ದಯವಿಟ್ಟು ತಿಳಿಸಿ.

ಸಿದ್ದಾಪುರ ಸದಸ್ಯ

ಹೊನ್ನಾವರದ ಸಹೋದರಿಯ ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಲ್ಲಿ ಅಡಿಕೆ ಬೆಳೆಗಾರ ದಲ್ಲಾಳಿಗಳ ಕೈಯಿಂದ ಬಿಡಿಸಿಕೊಂಡು ತಲೆಯೆತ್ತಿ ನಿಂತದ್ದು ಸಹಕಾರ ಸಂಘಗಳಿಂದ. ಬೆಳೆಸಾಲ, ಗೊಬ್ಬರ, ಅಡಿಕೆ ವಿಕ್ರಿ, ಯಶಸ್ವಿನಿ ಆರೋಗ್ಯ ಯೋಜನೆಯ ಕಾರ್ಡು, ಬೆಳೆ ವಿಮೆಯ ಅರ್ಜಿ ಎಲ್ಲವೂ ಸಂಘದ ಕಟ್ಟೆಯ ಮೇಲೇ ಆಗುತ್ತದೆ. ರಾಜ್ಯ ಸರ್ಕಾರದ ಶೂನ್ಯ ಬಡ್ಡಿಯ ಬೆಳೆಸಾಲ 2023-24ರಿಂದ 5 ಲಕ್ಷದವರೆಗೆ ಏರಿದ್ದು, ಅದೂ ನಮಗೆ ಸಿಗುವುದು ಪ್ರಾಥಮಿಕ ಸಂಘದ ಮೂಲಕವೇ. ಆದ್ದರಿಂದ ಸಂಘದ ಸಂಬಂಧ ಕಡಿದುಕೊಳ್ಳುವ ಮಾತು ಬೇಡ. ದೊಡ್ಡ ಮೊತ್ತ ಹೊರಗೆ ಹೋಗಲಿ, ಬೇಕಾದರೆ ಒಂದು ಸಣ್ಣ ಠೇವಣಿ ಸಂಘದಲ್ಲೂ ಇರಲಿ, ಎನ್ನುವುದು ನನ್ನ ಅಭಿಪ್ರಾಯ.

ಹಾಗೆ ಇಡುವ ಮೊದಲು ಸಂಘದ ವಾರ್ಷಿಕ ವರದಿಯನ್ನು ಓದಿ. ಸರ್ವಸಾಧಾರಣ ಸಭೆಗೆ ಹೋದವರು ಊಟ ಮುಗಿಸಿ ವರದಿಯನ್ನು ಅಟ್ಟಕ್ಕೆಸೆಯುವುದು ನಮ್ಮ ರೂಢಿಯಾಗಿದೆ, ಅದು ಸಲ್ಲದು. ಲೆಕ್ಕಪರಿಶೋಧನೆಯ ವರ್ಗೀಕರಣ ಅ ವರ್ಗವೇ, ಮೂರು ವರ್ಷದಲ್ಲಿ ಅದು ಕೆಳಗಿಳಿದಿದೆಯೇ, ಕೊಟ್ಟ ಸಾಲದಲ್ಲಿ ಸುಸ್ತಿ, ಅಂದರೆ ಗಡುವು ಮೀರಿದ ಬಾಕಿ ಎಷ್ಟು, ಕಾಯ್ದಿಟ್ಟ ನಿಧಿ ಪ್ರತಿವರ್ಷ ಬೆಳೆಯುತ್ತಿದೆಯೇ, ಆಡಳಿತ ಮಂಡಳಿಯವರಿಗೂ ಅವರ ಬಂಧುಗಳಿಗೂ ಕೊಟ್ಟ ಸಾಲದ ಬಾಕಿ ಎಷ್ಟು ಎಂಬುದನ್ನು ನೋಡಿ. ಸದಸ್ಯರಾಗಿ ಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ತಂದೆಯವರಿಗಿದೆ. ಸುತ್ತಲಿನ ಸಂಘಗಳಿಗಿಂತ ಒಂದು ಸಂಘ ಮಾತ್ರ ಶೇ. 1.5ರಷ್ಟು ಹೆಚ್ಚು ಬಡ್ಡಿ ಕೊಡುತ್ತಿದ್ದರೆ ಅಷ್ಟು ಹೆಚ್ಚು ಬಡ್ಡಿಗೆ ಸಾಲ ಯಾರು ತೆಗೆದುಕೊಳ್ಳುತ್ತಿದ್ದಾರೆ ಎಂಬ ಪ್ರಶ್ನೆಯನ್ನೇ ಮೊದಲು ಕೇಳಬೇಕು.

ಶಿರಸಿ ತೋಟಿಗ

ಮೂವರಿಗೂ ಕೃತಜ್ಞತೆಗಳು. ಹೊನ್ನಾವರದ ಅಕ್ಕ, ನೀವು ಬರೆದದ್ದನ್ನು ರಾತ್ರಿ ಊಟವಾದ ಮೇಲೆ ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಬೆಳಿಗ್ಗೆ ಎದ್ದು ಅಟ್ಟದ ಪೆಟ್ಟಿಗೆಯಿಂದ ಸಂಘದ ಮೂರು ವರ್ಷದ ವರದಿಗಳನ್ನು ಕೆಳಗಿಳಿಸಿ ಕೊಟ್ಟರು. ನೋಡಿದೆ. ವರ್ಗೀಕರಣ ಅ ವರ್ಗದಿಂದ ಬ ವರ್ಗಕ್ಕೆ ಇಳಿದಿದೆ, ಸುಸ್ತಿ ಸಾಲ ಎರಡು ವರ್ಷದಲ್ಲಿ ಹೆಚ್ಚಿದೆ. ಮುಂದಿನ ತಿಂಗಳು ಮುಗಿಯುವ 6 ಲಕ್ಷವನ್ನು ತೆಗೆಯಲು ಅಪ್ಪ ಒಪ್ಪಿದ್ದಾರೆ.

ಉಳಿದ ಎರಡು ವಿಷಯಗಳಲ್ಲಿ ಗೊಂದಲ ಹಾಗೆಯೇ ಇದೆ. ತಮ್ಮ ಹೇಳುವಂತೆ ನಾನು ತಿಂಗಳಿಗೆ 10,000 ರೂಪಾಯಿಯ ಎಸ್‌ಐಪಿ, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಖಾತೆಯಿಂದ ತಾನಾಗಿ ಹೋಗುವ ಕಂತು, ಆರಂಭಿಸಬೇಕೇ? ಮಗಳ ಪಾಲಿಸಿಗೆ ಏಜೆಂಟರು ಈ ತಿಂಗಳೊಳಗೆ ಉತ್ತರ ಕೇಳುತ್ತಿದ್ದಾರೆ.

ಬೈತಖೋಲ

ನಮ್ಮದು ಕಾರವಾರದ ಬೈತಖೋಲದ ಮೀನುಗಾರ ಕುಟುಂಬ. ಅಣ್ಣನ ಬೋಟು ಸಮುದ್ರಕ್ಕೆ ಹೋಗುತ್ತದೆ, ಲೆಕ್ಕ ನೋಡಿಕೊಳ್ಳುವುದು ನಾನು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ನಮ್ಮ ಮನೆಗೆ ಒಂದು ರೂಪಾಯಿಯೂ ಬರುವುದಿಲ್ಲ. ಬಲೆ ಹೊಲಿಸುವುದು, ಬೋಟಿಗೆ ಬಣ್ಣ, ಮಕ್ಕಳ ಶಾಲೆಯ ಫೀಸು ಎಲ್ಲ ಬರುವುದು ಮಾತ್ರ ಅದೇ ಎರಡು ತಿಂಗಳಲ್ಲಿ. ಆದ್ದರಿಂದ ವರ್ಷಕ್ಕೊಮ್ಮೆ ಹಣ ನೋಡುವ ನಿಮ್ಮ ಕಷ್ಟ ನನಗೆ ತಿಳಿಯುತ್ತದೆ.

ಎಸ್‌ಐಪಿ ಎಂಬುದು ತಿಂಗಳ ಸಂಬಳದವರ ಅಳತೆಗೆ ಹೊಲಿದ ಅಂಗಿ. ನಾನು ಆರು ವರ್ಷದ ಹಿಂದೆ ಗೆಳೆಯರು ಹೇಳಿದರೆಂದು ತಿಂಗಳಿಗೆ 8,000ದಂತೆ ಆರಂಭಿಸಿ, ಆ ಜುಲೈ ತಿಂಗಳಲ್ಲೇ ಖಾತೆಯಲ್ಲಿ ಹಣವಿಲ್ಲದೆ ಕಂತು ಮರಳಿತು, ಬ್ಯಾಂಕು ದಂಡವನ್ನೂ ಹಾಕಿತು. ಅಡಿಕೆಯ ಮನೆಯಲ್ಲಿ ಆಗಸ್ಟ್‌ನಿಂದ ನವೆಂಬರಿನವರೆಗೆ ಕೈ ಖಾಲಿ ಇರುವುದು ಸಾಮಾನ್ಯ. ಹಾಗಾಗಿ ಮೊದಲು ಅಡಿಕೆ ವಿಕ್ರಿಯಾದ ತಿಂಗಳಲ್ಲೇ ಮುಂದಿನ ಕೊಯ್ಲಿನವರೆಗಿನ ಮನೆಖರ್ಚನ್ನು ತೆಗೆದಿಡಿ. ನಿಮ್ಮ ಲೆಕ್ಕದಲ್ಲಿ ವರ್ಷಕ್ಕೆ 3.6 ಲಕ್ಷ ಖರ್ಚು, ಅದರಲ್ಲಿ 1.8 ಲಕ್ಷ ಮನೆಯವರ ಸಂಬಳದಿಂದ ಬರುತ್ತದೆ, ಉಳಿದ 1.8 ಲಕ್ಷವನ್ನು ಬೇರೆ ಖಾತೆಯಲ್ಲಿಟ್ಟು ತಿಂಗಳಿಗೆ 15,000ದಂತೆ ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಬೇಕು. ನಾವು ಆಗಸ್ಟ್‌ನಿಂದ ಮೇವರೆಗೆ ದಿನವೂ ಬ್ಯಾಂಕಿನ ಪಿಗ್ಮಿಗೆ, ಅಂದರೆ ದಿನದಿನದ ಸಣ್ಣ ಉಳಿತಾಯದ ಖಾತೆಗೆ, ಹಾಕಿ ಜೂನ್-ಜುಲೈಗೆ ತೆಗೆಯುತ್ತೇವೆ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ನಮ್ಮ ಪಕ್ಕದ ಕರಾವಳಿಯಲ್ಲಿ ಪಿಗ್ಮಿ ಆರಂಭಿಸಿದ್ದೇ ದಿನಗೂಲಿಯವರಿಗೂ ಮೀನುಗಾರರಿಗೂ ಒಗ್ಗಲಿ ಎಂದು. ಬಡ್ಡಿ ಬಹಳ ಕಡಿಮೆ, ಆದರೆ ಆ ಹಣದ ಕೆಲಸ ಬಡ್ಡಿ ತರುವುದಲ್ಲ, ಜುಲೈನಲ್ಲಿ ಅಕ್ಕಿ ತರುವುದು.

ನಿಮ್ಮ ತಮ್ಮನ ಸಲಹೆ ಪೂರ್ತಿ ತಪ್ಪಲ್ಲ. ಹತ್ತು ವರ್ಷ ಮುಟ್ಟಬೇಕಿಲ್ಲದ ಹಣಕ್ಕೆ ಷೇರು ಮಾರುಕಟ್ಟೆಯ ಸೂಚ್ಯಂಕವನ್ನೇ ಅನುಸರಿಸುವ ಸೂಚ್ಯಂಕ ಫಂಡು ಒಳ್ಳೆಯದೇ, ನಾನೂ ಹಾಕುತ್ತಿದ್ದೇನೆ. ಆದರೆ ಅಪ್ಪನ ಹಣ ಅಲ್ಲಿಗೆ ಸಲ್ಲದು. 2020ರ ಜನವರಿಯಲ್ಲಿ 12,000 ದಾಟಿದ್ದ ನಿಫ್ಟಿ ಷೇರು ಸೂಚ್ಯಂಕ ಮಾರ್ಚ್ 23ರಂದು 7,610ಕ್ಕೆ ಇಳಿದಿತ್ತು. ಹತ್ತು ವಾರದಲ್ಲಿ 5 ಲಕ್ಷವಿದ್ದದ್ದು 3 ಲಕ್ಷ ಚಿಲ್ಲರೆಯಾಗಿ ಕಂಡಿತು. ಅದು ಆ ವರ್ಷದ ಕೊನೆಯೊಳಗೆ ಮರಳಿ ಏರಿತು, ನಿಜ. ಆದರೆ 68ರ ವಯಸ್ಸಿನಲ್ಲಿ, ಆಸ್ಪತ್ರೆಯ ಬಿಲ್ಲು ಮಾರ್ಚಿನಲ್ಲೇ ಬಂದರೆ, ಡಿಸೆಂಬರಿನ ಏರಿಕೆ ಯಾವ ಉಪಯೋಗಕ್ಕೂ ಬಾರದು.

ಒಂದು ದಾರಿ ಇದೆ. ನಿಮ್ಮ ಮನೆಯಲ್ಲಿ ತಿಂಗಳು ತಿಂಗಳು ಹಣ ಬರುವುದು ಮನೆಯವರ ಹೆಸರಿಗೆ. ಸಂಬಳದ ಮರುದಿನ ಅವರ ಖಾತೆಯಿಂದ 2,000 ರೂಪಾಯಿಯ ಎಸ್‌ಐಪಿ ಆರಂಭಿಸಿ. ಆ ಕೊರತೆಯನ್ನು ನಿಮ್ಮ ತೋಟದ ಹಣದಿಂದ ಮನೆಖರ್ಚಿಗೆ ತುಂಬಿಕೊಡಿ. ಫಸಲು ಚೆನ್ನಾಗಿ ಬಂದ ವರ್ಷ ಹೆಚ್ಚಿನ ಮೊತ್ತವನ್ನು ನಾಲ್ಕೈದು ಭಾಗ ಮಾಡಿ ಕೈಯಿಂದಲೇ ಹಾಕಿದರೆ ಸಾಕು, ಕಂತಿನ ಕಟ್ಟು ಬೇಡ. ಫಂಡು ಕೊಳ್ಳುವಾಗ ಕಮಿಷನ್ ಇಲ್ಲದ ನೇರ ಯೋಜನೆಯನ್ನೇ ಆರಿಸಿಕೊಳ್ಳಿ. ಅಪ್ಪನ ಖಾತೆಯಿಂದ ಈ ಕಡೆಗೆ ಒಂದು ರೂಪಾಯಿಯೂ ಬರಬಾರದು.

ಕುಮಟಾ ನಿವೃತ್ತ

ಬೈತಖೋಲದವರು ನಾನು ಹೇಳಬೇಕೆಂದಿದ್ದನ್ನು ನನಗಿಂತ ಚೆನ್ನಾಗಿ ಹೇಳಿದ್ದಾರೆ. ಪಾಲಿಸಿಯ ವಿಷಯ ಮಾತ್ರ ನಾನು ಬರೆಯುತ್ತೇನೆ.

ಒಳ್ಳೆಯ ವರ್ಷ ತೋಟದ 5 ಲಕ್ಷ, ಸಂಬಳದ 1.8 ಲಕ್ಷ ಸೇರಿ 6.8 ಲಕ್ಷ, ಖರ್ಚು ಕಳೆದರೆ 3.2 ಲಕ್ಷ ಉಳಿಯುತ್ತದೆ. ಕೊಳೆ ಬಂದ ವರ್ಷ ಇದೇ ಲೆಕ್ಕದಲ್ಲಿ ಉಳಿಯುವುದು 1.4 ಲಕ್ಷ. ಕಡ್ಡಾಯವಾಗಿ ಕಟ್ಟಲೇಬೇಕಾದ ಯಾವ ಕಂತನ್ನಾಗಲಿ ಕೊಳೆ ಬಂದ ವರ್ಷದ ಉಳಿಕೆಯ ಮೇಲೆ ಅಳೆಯಬೇಕು, ಒಳ್ಳೆಯ ವರ್ಷದ ಮೇಲಲ್ಲ. 1.4 ಲಕ್ಷದಲ್ಲಿ 1 ಲಕ್ಷ ಪಾಲಿಸಿಗೇ ಹೋದರೆ ಮನೆಯಲ್ಲಿ ಒಂದು ಮದುವೆ, ಒಂದು ಉಪನಯನ ಬಂದರೂ ಸಾಲ ಮಾಡಬೇಕಾಗುತ್ತದೆ. ಎರಡು ವರ್ಷ ಸಾಲಾಗಿ ಕೊಳೆ ಬಂದು ಕಂತು ನಿಂತರೆ ಪಾಲಿಸಿ ಸೊರಗುತ್ತದೆ, ಕಟ್ಟಿದ್ದರಲ್ಲಿ ಒಂದು ಪಾಲು ಹೋಗುತ್ತದೆ.

ಏಜೆಂಟರ ಲೆಕ್ಕವನ್ನು ನಾನು ಕೂತು ಬಿಡಿಸಿದೆ. ವರ್ಷದ ಆರಂಭದಲ್ಲಿ 1 ಲಕ್ಷದಂತೆ 15 ವರ್ಷ ಕಟ್ಟಿ ಕೊನೆಗೆ 24 ಲಕ್ಷ ಬಂದರೆ ಅದು ಶೇ. 5.7ರ ಆಸುಪಾಸಿನ ಬಡ್ಡಿ. ಅದೇ ಹಣವನ್ನು ಅಂಚೆ ಕಚೇರಿಯ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ಕಟ್ಟಿದರೆ ಈಗಿನ ಶೇ. 7.1ರ ದರದಲ್ಲಿ ಸುಮಾರು 27.1 ಲಕ್ಷವಾಗುತ್ತದೆ. ಮಗಳಿಗೆ 10 ವರ್ಷ ತುಂಬಿಲ್ಲವಾದ್ದರಿಂದ ಸುಕನ್ಯಾ ಸಮೃದ್ಧಿ ಖಾತೆ ತೆರೆಯಬಹುದು, ಅದಕ್ಕೆ 2024ರ ಜನವರಿಯಿಂದ ಶೇ. 8.2 ಇದೆ. ಈ ಎರಡರ ದರವೂ ಮುಂದೆ ಬದಲಾಗಬಹುದೆಂಬುದು ನೆನಪಿರಲಿ. ಆದರೆ ಬೆಳೆಗಾರನಿಗೆ ಇವುಗಳ ನಿಜವಾದ ಗುಣ ಬಡ್ಡಿಯಲ್ಲಿಲ್ಲ. ಸುಕನ್ಯಾ ಖಾತೆಗೆ ವರ್ಷಕ್ಕೆ ಕನಿಷ್ಠ 250, ಪಿಪಿಎಫ್‌ಗೆ 500 ರೂಪಾಯಿ ಕಟ್ಟಿದರೆ ಖಾತೆ ಜೀವಂತವಾಗಿರುತ್ತದೆ, ಗರಿಷ್ಠ ಎರಡಕ್ಕೂ 1.5 ಲಕ್ಷ. ಕೊಳೆ ಬಂದ ವರ್ಷ 250, ಧಾರಣೆ ಏರಿದ ವರ್ಷ ಒಂದು ಲಕ್ಷ ಕಟ್ಟಲು ಯಾರೂ ಅಡ್ಡ ಬರುವುದಿಲ್ಲ. ವರ್ಷದ ಹಣವನ್ನು ಏಪ್ರಿಲ್ 5ರೊಳಗೆ ಕಟ್ಟಿದರೆ ಇಡೀ ವರ್ಷದ ಬಡ್ಡಿ ಸಿಗುತ್ತದೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ವಿಕ್ರಿಯಾಗುವ ಕಾಲವೂ ಅದೇ ಸುಮಾರಿಗೆ ಇರುವುದರಿಂದ ನಿಮಗೆ ಅನುಕೂಲ.

ಸುಕನ್ಯಾ ಖಾತೆಗೆ ಸರಾಸರಿ ವರ್ಷಕ್ಕೆ 60,000 ಬಿದ್ದರೆ, ಈಗಿನ ದರವೇ ಇದ್ದರೆ, ಮಗಳಿಗೆ 18 ಆಗುವ ಹೊತ್ತಿಗೆ ಸುಮಾರು 10.9 ಲಕ್ಷವಾಗಿರುತ್ತದೆ. ಆದರೆ ಆಗ ಓದಿಗೆಂದು ತೆಗೆಯಲು ಸಿಗುವುದು ಅರ್ಧ ಮಾತ್ರ, ಪೂರ್ತಿ ಸಿಗುವುದು ಖಾತೆ ತೆರೆದು 21 ವರ್ಷಕ್ಕೆ ಅಥವಾ 18ರ ನಂತರದ ಮದುವೆಗೆ. ಆದ್ದರಿಂದ ಓದಿನ ಹಣದ ಒಂದು ಭಾಗ ಮನೆಯವರ ಫಂಡಿನಲ್ಲಿ ಬೆಳೆಯುತ್ತಿರಲಿ.

ವಿಮೆ ನಿಮಗೆ ಬೇಕೇ ಬೇಕು, ಆದರೆ ಉಳಿತಾಯ ಬೆರೆಸಿದ ವಿಮೆ ಬೇಡ. ತೋಟದಲ್ಲಿ ಓಡಾಡುವವರು ನೀವೊಬ್ಬರೇ. ನಿಮಗೇನಾದರೂ ಆದರೆ 10 ಲಕ್ಷ ಈ ಮನೆಗೆ ಮೂರು ವರ್ಷಕ್ಕೂ ಸಾಲದು. 60 ಅಥವಾ 65 ವರ್ಷದವರೆಗೆ 50 ಲಕ್ಷದ ಟರ್ಮ್ ವಿಮೆ, ಅಂದರೆ ಅವಧಿಯೊಳಗೆ ತೀರಿಕೊಂಡರೆ ಮಾತ್ರ ಹಣ ಕೊಡುವ ವಿಮೆ, ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆಗೂ ಆರೋಗ್ಯ ವಿಮೆಗೂ ಜಿಎಸ್‌ಟಿ ಇಲ್ಲ. ಕಂಪನಿಗಳು ಆದಾಯದ ಆಧಾರ ಕೇಳುತ್ತವೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ ಅದನ್ನು ತೋರಿಸಿ ಆದಾಯ ತೆರಿಗೆ ವಿವರ ಸಲ್ಲಿಸಿದ್ದರೆ ಮತ್ತು ಅಡಿಕೆ ವಿಕ್ರಿ ಪಟ್ಟಿಗಳನ್ನು ಜೋಪಾನವಾಗಿಟ್ಟಿದ್ದರೆ ಕೆಲಸ ಸುಲಭ. ನೀವು ಕವಳ (ಎಲೆ-ಅಡಿಕೆ) ಹಾಕುವವರಾಗಿದ್ದು ಅದರಲ್ಲಿ ತಂಬಾಕಿನ ಎಸಳಿದ್ದರೆ, ಅರ್ಜಿಯಲ್ಲಿ ತಂಬಾಕು ಸೇವನೆ ಇದೆಯೆಂದೇ ಬರೆಯಿರಿ. ಬೀಡಿ-ಸಿಗರೇಟು ಸೇದದವರು ನಮ್ಮಲ್ಲಿ ಆ ಪ್ರಶ್ನೆಗೆ ಇಲ್ಲವೆಂದು ಬರೆದುಬಿಡುತ್ತಾರೆ. ಕಂತು ಕೆಲವು ಸಾವಿರ ಉಳಿಯುತ್ತದೆ, ಕ್ಲೇಮು ತಿರಸ್ಕೃತವಾಗಲು ಕಾರಣವೂ ಅಲ್ಲೇ ಸಿದ್ಧವಾಗುತ್ತದೆ.

ಆರೋಗ್ಯದ ಬಗ್ಗೆ ಚಿಕ್ಕದಾಗಿ. ಯಶಸ್ವಿನಿ ಇದ್ದರೆ ಅದನ್ನು ತಪ್ಪದೆ ನವೀಕರಿಸಿ, ವರ್ಷಕ್ಕೆ ಒಂದು ಕುಟುಂಬಕ್ಕೆ 5 ಲಕ್ಷದವರೆಗೆ ನೆರವು ಅದರಲ್ಲಿದೆ. ಆದರೆ ಅದರ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ. ದೊಡ್ಡ ಕಾಯಿಲೆಗೆ ನಾವು ಹುಬ್ಬಳ್ಳಿ, ಮಣಿಪಾಲ, ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ ಹೋಗಲೇಬೇಕಾದ ಜಿಲ್ಲೆ ನಮ್ಮದು. ಆದ್ದರಿಂದ ನಿಮ್ಮಿಬ್ಬರಿಗೂ ಮಗಳಿಗೂ ಬೇರೆ ಆರೋಗ್ಯ ವಿಮೆ ಮಾಡಿಸುವಾಗ ಆ ಊರುಗಳ ಯಾವ ಆಸ್ಪತ್ರೆಯಲ್ಲಿ ಹಣ ಕಟ್ಟದೆ ಚಿಕಿತ್ಸೆ ಸಿಗುತ್ತದೆಂಬುದನ್ನು ನೋಡಿಯೇ ಸಹಿ ಮಾಡಿ. ಆಂಬ್ಯುಲೆನ್ಸಿಗೂ ಮೊದಲ ದಿನದ ಮುಂಗಡಕ್ಕೂ ನಿಮ್ಮ ಉಳಿತಾಯ ಖಾತೆಯ 2 ಲಕ್ಷ ಅಲ್ಲಿಯೇ ಇರಲಿ, ಅದನ್ನು ಎಲ್ಲಿಗೂ ಹಾಕಬೇಡಿ.

ಹವಾಮಾನ ಆಧಾರಿತ ಬೆಳೆ ವಿಮೆಯನ್ನೂ ಬಿಡಬೇಡಿ. ರೈತನ ಪಾಲು ವಿಮಾ ಮೊತ್ತದ ಶೇ. 5. ಪರಿಹಾರ ನಿರ್ಧಾರವಾಗುವುದು ನಿಮ್ಮ ತೋಟದ ಕೊಳೆಯನ್ನು ನೋಡಿ ಅಲ್ಲ, ಮಳೆಮಾಪಕದ ಅಂಕಿಯ ಮೇಲೆ. ಹಾಗಾಗಿ ನಷ್ಟಕ್ಕೂ ಪರಿಹಾರಕ್ಕೂ ಸರಿಹೊಂದದ ವರ್ಷಗಳೂ ಇರುತ್ತವೆ. ಆದರೂ ಮಳೆ ಅತಿಯಾದ ವರ್ಷಗಳಲ್ಲಿ ಅದು ಎಷ್ಟೋ ಮನೆಗಳನ್ನು ಹಿಡಿದು ನಿಲ್ಲಿಸಿದೆ.

ಶರಾವತಿ ದಂಡೆ

ಒಂದು ಸೇರಿಸುತ್ತೇನೆ. ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿಸಿ, ಆದರೆ ನಾಮನಿರ್ದೇಶಿತರಿಗೆ ಹಣ ಕೈಗೆ ಬರುತ್ತದೆಯೇ ಹೊರತು ಅದರ ಒಡೆತನ ಬರುವುದಿಲ್ಲ, ಅದು ವಾರಸುದಾರರೆಲ್ಲರಿಗೂ ಸೇರಿದ್ದು. ನಿಮಗೆ ತಮ್ಮನೂ ಇರುವುದರಿಂದ ತಂದೆಯವರು ತಮ್ಮ ಸ್ವಂತ ಗಳಿಕೆಯ ಹಣಕ್ಕೆ ಒಂದು ಉಯಿಲು ಬರೆದಿಡಲಿ. ಬಿಳಿ ಹಾಳೆಯಲ್ಲಿ ಬರೆದು ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ಅವರ ಸಹಿಯನ್ನೂ ಹಾಕಿಸಿದರೆ ನಡೆಯುತ್ತದೆ, ನೋಂದಣಿ ಕಡ್ಡಾಯವಲ್ಲ. ಸಾಕ್ಷಿಗಳು ಪಾಲು ಪಡೆಯುವವರಾಗಿರಬಾರದು. ನಾವು ಅಪ್ಪನಿಂದ ಬರೆಸದೆ ಉಳಿದೆವು, ಈಗ ಬಂದಷ್ಟು ಹಣಕ್ಕೂ ಮೂರು ಊರಿನಿಂದ ಸಹಿ ಬೇಕಾಗಿದೆ.

ಶಿರಸಿ ತೋಟಿಗ

ಎಲ್ಲರ ಉತ್ತರವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಏಜೆಂಟರಿಗೆ ಪಾಲಿಸಿ ಬೇಡವೆಂದು ನಿನ್ನೆ ಫೋನು ಮಾಡಿ ಹೇಳಿದೆ. ಟರ್ಮ್ ವಿಮೆಯ ಅರ್ಜಿಯನ್ನು ಅವರ ಮೂಲಕವೇ ತರಿಸಿಕೊಳ್ಳುತ್ತಿದ್ದೇನೆ. ತಂಬಾಕಿನ ಪ್ರಶ್ನೆಗೆ ಹೌದೆಂದು ಬರೆಯುವುದೇ, ಕವಳ ಬಿಟ್ಟು ಕೆಲವು ವರ್ಷವಾದ ಮೇಲೆ ಬರೆಯುವುದೇ ಎಂದು ಹೆಂಡತಿಯನ್ನು ಕೇಳಿದೆ. ಹೌದೆಂದು ಬರೆದು ಈಗಲೇ ಕಳಿಸಿ, ಕವಳವನ್ನೂ ಬಿಡಿ, ಎಂದಳು.

ತಮ್ಮನೊಂದಿಗೂ ಮಾತಾಡಿದೆ. ಅಪ್ಪನ ಹಣವನ್ನು ಮಾರುಕಟ್ಟೆಗೆ ಹಾಕುವ ಮಾತನ್ನು ಅವನು ಬಿಟ್ಟಿದ್ದಾನೆ. ಅತ್ತಿಗೆಯ ಹೆಸರಿನ ಸೂಚ್ಯಂಕ ಫಂಡನ್ನು ದೀಪಾವಳಿಗೆ ಬಂದಾಗ ತಾನೇ ಕೂತು ತೆರೆದುಕೊಡುತ್ತೇನೆ ಎಂದಿದ್ದಾನೆ. ಸುಕನ್ಯಾ ಖಾತೆಗೆ ಬೇಕಾದ ಮಗಳ ಜನನ ಪ್ರಮಾಣಪತ್ರವನ್ನು ಹುಡುಕಿ ತೆಗೆದಿದ್ದೇನೆ.

ಅಂಚೆ ಕಚೇರಿಗೆ ಹೋಗುವ ದಿನ ಅಮ್ಮನೂ ಬರುತ್ತಾರೆ. ಎರಡನೆಯ ಠೇವಣಿ ಮುಗಿದಾಗ ಅವರ ಹೆಸರಿನಲ್ಲಿ ಖಾತೆ ತೆರೆಯುವುದೆಂದು ಅಪ್ಪನೇ ಹೇಳಿದ್ದಾರೆ. ಅಮ್ಮ ಇಷ್ಟು ವರ್ಷ ಎಲ್ಲಿಯೂ ಸಹಿ ಮಾಡಿದವರಲ್ಲ. ಮಗಳ ಹಳೆಯ ಕಾಪಿ ಪುಸ್ತಕದಲ್ಲಿ ಎರಡು ದಿನದಿಂದ ತಮ್ಮ ಹೆಸರನ್ನು ಬರೆದು ರೂಢಿ ಮಾಡಿಕೊಳ್ಳುತ್ತಿದ್ದಾರೆ.